ಬಸ್ ಬರೋದ್ರೊಳಗ ಒಂದು ಜಾದೂ

"ನನಗ ಸ್ವಲ್ಪ ಜಾದೂ ಬರ್ತದ" ಅಂತ ಬಾಯಿ ತಪ್ಪಿ ಅಂದರೂ ಸಾಕು, ನಮ್ಮ ಕಡೆ ಎದುರಿಗಿದ್ದವರು ಬಿಡುವುದಿಲ್ಲ. "ಹಂಗಾದ್ರ ಈಗೊಂದು ತೋರಸ್ರಿ ನೋಡಮು" ಅನ್ನುತ್ತಾರೆ. ನಾಳೆಯಲ್ಲ, ಶಾಲೆಯ ಗ್ಯಾದರಿಂಗಿಗೂ ಅಲ್ಲ, ಈಗಲೇ. ಅದು ಯಾದಗಿರಿ ಸ್ಟೇಶನ್ನಿನ ಪ್ಲಾಟ್‌ಫಾರ್ಮ್ ಇರಬಹುದು, ಶಹಾಪುರದ ಬಸ್‌ಸ್ಟ್ಯಾಂಡ್ ಇರಬಹುದು, ಸುರಪುರದ ಯಾವುದೋ ಚಹಾದಂಗಡಿಯ ಬಾಕು ಇರಬಹುದು. ಹೊಸದಾಗಿ ಕಲಿತ ಹುಡುಗ ಆಗ ಮೊಬೈಲ್ ತೆಗೆದು ತನ್ನ ಹಳೆಯ ವಿಡಿಯೊ ತೋರಿಸುತ್ತಾನೆ, ಇಲ್ಲವೇ "ಸಾಮಾನು ಮನ್ಯಾಗ ಅದರಿ" ಅನ್ನುತ್ತಾನೆ. ಅಡುಗೆ ಚೆನ್ನಾಗಿ ಬರುತ್ತದೆ, ಆದರೆ ಒಲೆ ಊರಲ್ಲಿದೆ ಅಂದಂತೆ.

ನನ್ನ ಬಳಿ ಕೈಚಳಕ ಕಲಿಯಲು ಬರುವವರಲ್ಲಿ ಹೈಸ್ಕೂಲ್ ಹುಡುಗ ಹುಡುಗಿಯರಿದ್ದಾರೆ, ಪಾಠಕ್ಕೆ ರುಚಿ ಕೊಡಬೇಕೆನ್ನುವ ಮಾಸ್ತರರಿದ್ದಾರೆ. ಅವರಿಗೆ ಮೊದಲ ದಿನ ಹೇಳುವುದನ್ನೇ ಇಲ್ಲಿ ಬರೆಯುತ್ತೇನೆ. ಯಾವಾಗಲೂ ತಯಾರಿರಬೇಕು ಅಂದರೆ ಕಿಸೆ ತುಂಬ ಸಾಮಾನು ತುಂಬಿಕೊಂಡು ಓಡಾಡಬೇಕು ಅಂತಲ್ಲ. ಎದುರಿನವರ ಹತ್ತಿರ ಇರುವ ವಸ್ತುವಿನಿಂದಲೇ ಶುರುಮಾಡಬೇಕು, ಅವರ ಬಸ್ಸು ಬರುವುದರೊಳಗೆ ಮುಗಿಸಬೇಕು, ಅವರ ಮನಸ್ಸಿನಲ್ಲಿ ಹೆದರಿಕೆ ಉಳಿಯದಂತೆ ಕಳಿಸಿಕೊಡಬೇಕು. ಮೊದಲೆರಡು ಅಭ್ಯಾಸದಿಂದ ಬರುತ್ತವೆ. ಮೂರನೆಯದು ಹಾಗಲ್ಲ, ನಮ್ಮ ಸೀಮೆಯಲ್ಲಂತೂ ಅಲ್ಲವೇ ಅಲ್ಲ. ಆದ್ದರಿಂದ ಅದಕ್ಕೆ ಹೆಚ್ಚು ಜಾಗ ಹೋಗುತ್ತದೆ.

ಈ ವಿದ್ಯೆಯ ಗುರುಗಳನ್ನು ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಸುಡುಗಾಡು ಸಿದ್ಧರು ಅಗಸಿ ದಾಟಿ ಓಣಿ ಓಣಿಗೆ ಬರುತ್ತಿದ್ದುದನ್ನು ನಿಮ್ಮ ಅಜ್ಜಿಯನ್ನು ಕೇಳಿದರೆ ಹೇಳುತ್ತಾಳೆ. ಅಲೆಮಾರಿ ಜನ ಅವರು. ರಾಜ್ಯದ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿ ಅವರ ಹೆಸರಿದೆ. ಮನೆಯ ಮುಂದೆ ನಿಂತು, ಜೋಳಿಗೆಗೆ ಕೈಹಾಕಿ ಒಂದು ಗುಂಡು ತೆಗೆಯುವುದು, ಅದನ್ನು ಮಾಯ ಮಾಡುವುದು, ಮತ್ತೆಲ್ಲಿಂದಲೋ ತೆಗೆದು ತೋರಿಸುವುದು, ಜೋಳವನ್ನೋ ದುಡ್ಡನ್ನೋ ಪಡೆದು ಮುಂದಿನ ಮನೆಗೆ ಹೋಗುವುದು. ನೋಡುವವರಿಗೆ ಇಷ್ಟೇ ಕಾಣುತ್ತದೆ. ಕಲಿಯುವವರು ಬೇರೆ ನಾಲ್ಕು ಸಂಗತಿ ಗಮನಿಸಬೇಕು. ಅವರಿಗೆ ವೇದಿಕೆ ಇಲ್ಲ, ಪರದೆ ಇಲ್ಲ, ಕತ್ತಲಿಲ್ಲ. ಹಾಡುಹಗಲಿನ ಬಿಸಿಲು. ಮೂರೂ ಕಡೆ ಜನ. ಎಲ್ಲಕ್ಕಿಂತ ಕಷ್ಟವೆಂದರೆ ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತ ಮಕ್ಕಳು. ಅವರಿಗೆ ಅಂಗೈಯ ಅಡಿಭಾಗ ಕಾಣುತ್ತದೆ. ಇಷ್ಟರ ನಡುವೆಯೂ ಸಿದ್ಧರ ಆಟ ನಡೆಯುತ್ತದೆ, ಏಕೆಂದರೆ ಅವರ ಕೈ ಮಾಡುವ ಪ್ರತಿಯೊಂದು ಚಲನೆಗೂ ಒಂದು ನೆಪ ಇರುತ್ತದೆ. ಕೈ ಜೋಳಿಗೆಗೆ ಹೋದರೆ ಯಾರೂ ಯಾಕೆ ಎಂದು ಕೇಳುವುದಿಲ್ಲ. ಜೋಳಿಗೆ ಇರುವುದೇ ಕೈ ಹಾಕಲಿಕ್ಕೆ. ನೀವು ಪ್ಯಾಂಟಿನ ಕಿಸೆಗೆ ಕೈ ಹಾಕಿದರೆ ಮಾತ್ರ ಎಲ್ಲರ ಕಣ್ಣೂ ಅಲ್ಲಿಗೇ ಹೋಗುತ್ತದೆ. ನಿಮಗೂ ಒಂದು ನೆಪ ಬೇಕು. ನಮ್ಮ ಬೇಸಿಗೆಯಲ್ಲಿ ಕರವಸ್ತ್ರಕ್ಕಿಂತ ಒಳ್ಳೆಯ ನೆಪ ಇಲ್ಲ. ಮುಖದ ಬೆವರು ಒರೆಸಿಕೊಳ್ಳಲು ಕಿಸೆಗೆ ಹೋದ ಕೈ ಏನನ್ನು ಬಿಟ್ಟು ಬಂತು ಎಂದು ಯಾರು ನೋಡುತ್ತಾರೆ?

ಇಲ್ಲಿಯೇ ಒಂದು ಮಾತು ಹೇಳಿಬಿಡುತ್ತೇನೆ. ಸಿದ್ಧರಾಗಲಿ, ಜಾತ್ರೆಯಲ್ಲಿ ಆಡುವ ಗಾರುಡಿಗರಾಗಲಿ ಆಟ ನಡೆಸಿದ್ದಾಗ ನಿಮ್ಮ ವಿದ್ಯೆ ಕಿಸೆಯಲ್ಲೇ ಇರಲಿ. ಗುಂಡು ಯಾವ ಕೈಯಲ್ಲಿದೆ ಎಂದು ನಿಮಗೆ ತಿಳಿದರೂ ಪಕ್ಕದವರ ಕಿವಿಯಲ್ಲಿ ಹೇಳಬೇಡಿ. ನಮಗೆ ಅದು ಹವ್ಯಾಸ, ಅವರಿಗೆ ಸಂಜೆಯ ಊಟ. ಹತ್ತೋ ಇಪ್ಪತ್ತೋ ಕೊಟ್ಟು ನೋಡಿ. ಟ್ಯೂಷನ್ ಫೀಸು ಅಂದುಕೊಳ್ಳಿ.

ಹಳಬರೂ ಇದನ್ನು ಹಗುರ ವಿದ್ಯೆ ಅಂತ ಬಿಟ್ಟಿರಲಿಲ್ಲ. ಕಾಮಸೂತ್ರದ ಅರವತ್ನಾಲ್ಕು ಕಲೆಗಳಲ್ಲಿ ಐಂದ್ರಜಾಲವೂ ಇದೆ, ಹಸ್ತಲಾಘವವೂ ಇದೆ; ಎರಡಕ್ಕೂ ಬೇರೆ ಬೇರೆ ಹೆಸರು ಕೊಟ್ಟು ಎಣಿಸಿದ್ದಾರೆ. ರೋಮಿನ ಸೆನೆಕ ತನ್ನ ಒಂದು ಪತ್ರದಲ್ಲಿ ಬಟ್ಟಲು ಮತ್ತು ಕಲ್ಲಿನ ಹರಳಿನ ಆಟವನ್ನು ನೆನೆದಿದ್ದಾನೆ. ಮೋಸ ಹೋಗುವುದರಲ್ಲೇ ಸಂತೋಷವಿರುವ ಆಟ ಅದು ಎನ್ನುವುದು ಅವನ ಅಭಿಪ್ರಾಯ. ಶಂಕರಾಚಾರ್ಯರ ಬ್ರಹ್ಮಸೂತ್ರ ಭಾಷ್ಯದಲ್ಲಿ ಕತ್ತಿ ಗುರಾಣಿ ಹಿಡಿದು ಹಗ್ಗ ಹತ್ತಿ ಆಕಾಶಕ್ಕೇರುವ ಮಾಯಾವಿಯ ದೃಷ್ಟಾಂತ ಬರುತ್ತದೆ. ಏರಿದಂತೆ ಕಾಣುವವನು ಬೇರೆ, ನೆಲದ ಮೇಲೆಯೇ ನಿಂತಿರುವ ನಿಜವಾದ ಮಾಯಾವಿ ಬೇರೆ ಅನ್ನುತ್ತಾರೆ ಅವರು. ವೇದಾಂತ ನನ್ನ ಪಾಠದಲ್ಲಿಲ್ಲ. ಆದರೆ ಹೊಸಬರಿಗೆ ಆ ನೆಲದ ಮೇಲೆ ನಿಂತವನೇ ಮುಖ್ಯ. ಜನ ಮೇಲೆ ನೋಡುತ್ತಿರುವಾಗ ಅವನು ಕೆಳಗೆ ಸುಮ್ಮನೆ, ಸಹಜವಾಗಿ ನಿಂತಿರುತ್ತಾನೆ. ಆ ಸುಮ್ಮನೆ ನಿಲ್ಲುವುದೇ ಅರ್ಧ ವಿದ್ಯೆ.

ಇನ್ನು ಸಾಮಾನಿನ ವಿಷಯ. ಪುಸ್ತಕಗಳು, ವಿಡಿಯೊಗಳು ಮೊದಲು ಹೇಳುವುದು ಇಸ್ಪೀಟ್ ಎಲೆ. ನಾನು ಬೇಡ ಅನ್ನುತ್ತೇನೆ. ಬಸ್‌ಸ್ಟ್ಯಾಂಡಿನಲ್ಲಿ ನಾಲ್ಕು ಜನರ ನಡುವೆ ಎಲೆ ಹಂಚಿ ನೋಡಿ, ಐದನೆಯವನು "ಅಂದರ್ ಬಾಹರ್ ಏನ್ರಿ?" ಅಂತ ಕೂತೇಬಿಡುತ್ತಾನೆ. ಆರನೆಯವನು ಪೊಲೀಸ್ ಆಗಿರಬಹುದು. ಸಾರ್ವಜನಿಕ ಜಾಗದಲ್ಲಿ ಜೂಜಾಡುವುದು 1963ರ ಕರ್ನಾಟಕ ಪೊಲೀಸ್ ಕಾಯ್ದೆಯ 87ನೇ ಕಲಮಿನ ಅಪರಾಧ. ನೀವು ಪಣ ಕಟ್ಟಿಲ್ಲ, ನಿಜ. ಆದರೆ ಅದನ್ನು ವಿವರಿಸುತ್ತ ನಿಲ್ಲುವುದು ಜಾದೂಗಾರನಿಗೆ ಶೋಭೆಯಲ್ಲ. ಮೇಲಾಗಿ ಏಪ್ರಿಲ್-ಮೇ ತಿಂಗಳ ನಮ್ಮ ಸೆಕೆಗೆ ಎಲೆಗಳು ಬೆವರು ಕುಡಿದು ಒಂದಕ್ಕೊಂದು ಅಂಟುತ್ತವೆ.

ಬದಲಿಗೆ ಹತ್ತು ರೂಪಾಯಿ ನಾಣ್ಯ ಇಟ್ಟುಕೊಳ್ಳಿ. 27 ಮಿಲಿಮೀಟರ್ ಅಗಲ, ಎರಡು ಬಣ್ಣದ ಲೋಹ, ದೂರಕ್ಕೂ ಎದ್ದು ಕಾಣುತ್ತದೆ. ಇನ್ನೊಂದು ಅನುಕೂಲವೂ ಇದೆ. ನಮ್ಮ ಅಂಗಡಿಗಳಲ್ಲಿ ಈ ನಾಣ್ಯವನ್ನು "ನಡಿಯಂಗಿಲ್ರಿ" ಅಂತ ವಾಪಸ್ ಕೊಡುವ ರೂಢಿ ಇನ್ನೂ ಹೋಗಿಲ್ಲ. ಹದಿನಾಲ್ಕೂ ವಿನ್ಯಾಸದ ನಾಣ್ಯಗಳು ಚಲಾವಣೆಗೆ ಯೋಗ್ಯ ಎಂದು ರಿಸರ್ವ್ ಬ್ಯಾಂಕ್ 2018ರ ಜನವರಿಯಲ್ಲಿ ಹೇಳಿದ್ದರೂ ಅನುಮಾನ ಉಳಿದುಕೊಂಡಿದೆ. ಹಾಗಾಗಿ "ಇದು ನಡೀತದೋ ಇಲ್ಲೋ ನೋಡ್ರಿ" ಅಂತ ಅಪರಿಚಿತರ ಕೈಗೆ ಕೊಟ್ಟರೆ ಮಾತು ತಾನಾಗಿ ಶುರುವಾಗುತ್ತದೆ. ಅವರು ತಿರುಗಿಸಿ ಮುರುಗಿಸಿ ನೋಡುತ್ತಾರೆ, ಪಕ್ಕದವರಿಗೂ ತೋರಿಸುತ್ತಾರೆ. ಅಂದರೆ ನಾಣ್ಯದಲ್ಲಿ ಯಾವ ಮೋಸವೂ ಇಲ್ಲ ಎಂದು ನೀವು ಹೇಳಬೇಕಿಲ್ಲ, ಅವರೇ ಪರೀಕ್ಷೆ ಮುಗಿಸಿರುತ್ತಾರೆ. ಅದಾದ ಮೇಲೆ "ನಡಿಯಂಗಿಲ್ಲಂತ ಅದಕ್ಕೂ ಸಿಟ್ಟು ಬಂತು, ಹೋತು" ಎಂದು ಅದನ್ನು ಮಾಯ ಮಾಡಬಹುದು. ಸಾಮಾನು, ಮಾತು, ಮುಗಿತಾಯ ಮೂರೂ ಇಲ್ಲಿಯ ಮಣ್ಣಿನದೇ.

ಎರಡನೆಯದು ಸಾದಾ ರಬ್ಬರ್ ಬ್ಯಾಂಡ್. ಮೂರನೆಯದನ್ನು ಹತ್ತಿ ಬಿಡಿಸುವ ಕಾಲದಲ್ಲಿ ಶಹಾಪುರ, ಸುರಪುರದ ರಸ್ತೆಯಲ್ಲೇ ಆರಿಸಿಕೊಳ್ಳಬಹುದು. ಹೇರಿದ ಲಾರಿ ಹೋದ ದಾರಿಯಲ್ಲಿ ಜಾಲಿ ಮುಳ್ಳಿಗೆ ಅರಳೆ ಸಿಕ್ಕಿಕೊಂಡಿರುತ್ತದೆ. ಎರಡು ಸಣ್ಣ ಉಂಡೆ ಮಾಡಿ ಒತ್ತಿ ಹಿಡಿದರೆ ಒಂದರಂತೆ ಕಾಣುತ್ತವೆ. ಸ್ಪಂಜಿನ ಚೆಂಡಿನಷ್ಟು ಪುಟಿಯುವುದಿಲ್ಲ, ಆದರೆ ಹತ್ತಿ ಬೆಳೆದವರ ಕೈಗೆ ಹತ್ತಿ ಕೊಟ್ಟರೆ ಅವರು ಅನುಮಾನ ಪಡುವುದಿಲ್ಲ. ಬಸ್ ಟಿಕೆಟ್ ಹರಿದು ಕೂಡಿಸುವ ಆಟವೂ ಇದೆ. ಕಲ್ಯಾಣ ಕರ್ನಾಟಕ ಸಾರಿಗೆ ಬಸ್ಸಿನಲ್ಲಿ ಮಾತ್ರ ಅದನ್ನು ಆಡಬೇಡಿ. ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಕೊಡುವ ಶೂನ್ಯ ಟಿಕೆಟ್ ಆದರೂ ಚೆಕಿಂಗಿನವರು ಬಂದಾಗ ಅದು ಅಕ್ಕನ ಕೈಯಲ್ಲಿ ಇಡಿಯಾಗಿ ಇರಬೇಕು.

ಈಗ ಕೈಗೆ ಕೆಲಸ. ನಾಣ್ಯ ಮಾಯ ಮಾಡುವ ಹಲವು ಬಗೆಗಳಿವೆ. ಹೊಸಬರಿಗೆ ಸಾಮಾನ್ಯವಾಗಿ ಮೊದಲು ಕಲಿಸುವ ಬಗೆ ಹೀಗಿದೆ. ಎಡಗೈಯನ್ನು ಅಂಗೈ ಮೇಲಾಗಿ ಹಿಡಿಯಿರಿ. ನಾಣ್ಯದ ಅಂಚುಗಳನ್ನು ಹೆಬ್ಬೆರಳು ಮತ್ತು ನಡುಬೆರಳ ತುದಿಯಲ್ಲಿ ಹಿಡಿದಿರಬೇಕು. ನಾಣ್ಯದ ಮುಖ ನೋಡುವವರ ಕಡೆ, ಅದರ ಹಿಂದೆ ಹೆಬ್ಬೆರಳು ಮತ್ತು ಬೆರಳುಗಳ ನಡುವೆ ಒಂದು ಖಾಲಿ ಕಿಂಡಿ. ಬಲಗೈ ಅದನ್ನು ತೆಗೆದುಕೊಳ್ಳಲು ಬರುತ್ತದೆ: ಬಲಗೈ ಹೆಬ್ಬೆರಳು ಆ ಕಿಂಡಿಯೊಳಗೆ, ಉಳಿದ ಬೆರಳುಗಳು ನಾಣ್ಯದ ಮುಂದೆ. ಬೆರಳುಗಳು ನಾಣ್ಯವನ್ನು ಮರೆಮಾಡಿದ ಕ್ಷಣದಲ್ಲಿ ಎಡಗೈ ಹಿಡಿತ ಸಡಿಲವಾಗುತ್ತದೆ, ನಾಣ್ಯ ಎಡಗೈ ಬೆರಳುಗಳ ಬುಡಕ್ಕೆ ಜಾರುತ್ತದೆ. ಬಲಗೈ ಖಾಲಿ ಮುಷ್ಟಿ ಕಟ್ಟಿಕೊಂಡು ಆಚೆ ಹೋಗುತ್ತದೆ. ಎಡಗೈ, ಬೆರಳು ಅರೆ ಮಡಿಚಿದ ಹಾಗೆಯೇ, ಆಯಾಸವಾದಂತೆ ಕೆಳಗಿಳಿಯುತ್ತದೆ. ಇಷ್ಟೇ.

ಇಷ್ಟೇ ಅಂದರೂ ಎಲ್ಲರೂ ಒಂದೇ ಕಡೆ ಸಿಕ್ಕಿಬೀಳುತ್ತಾರೆ. ಖಾಲಿ ಮುಷ್ಟಿ ಖಾಲಿಯಂತೆಯೇ ಕಾಣುತ್ತದೆ, ನಾಣ್ಯವಿರುವ ಎಡಗೈ ಕಟ್ಟಿಗೆಯಂತೆ ಸೆಟೆದಿರುತ್ತದೆ. ಮದ್ದು ಒಂದಿದೆ, ಆದರೆ ಯಾರಿಗೂ ಅದಕ್ಕೆ ತಾಳ್ಮೆ ಇಲ್ಲ. ಮೊದಲ ಒಂದು ವಾರ ನಾಣ್ಯವನ್ನು ಮಾಯ ಮಾಡಲೇಬೇಡಿ. ನಿಜವಾಗಿ ಎಡಗೈಯಿಂದ ಬಲಗೈಗೆ ತೆಗೆದುಕೊಳ್ಳಿ. ಮತ್ತೆ ಮತ್ತೆ ತೆಗೆದುಕೊಳ್ಳಿ. ನಾಣ್ಯ ನಿಜಕ್ಕೂ ಬಲಗೈಗೆ ಬಂದಾಗ ಮುಷ್ಟಿ ಎಷ್ಟು ಬಿಗಿಯಾಗುತ್ತದೆ, ಭುಜ ಎತ್ತ ತಿರುಗುತ್ತದೆ, ಎಡಗೈ ಎಲ್ಲಿ ಹೋಗಿ ಬೀಳುತ್ತದೆ, ಮುಖ್ಯವಾಗಿ ನಿಮ್ಮ ಕಣ್ಣು ಎತ್ತ ಹೋಗುತ್ತದೆ, ಅದನ್ನು ನೋಡಿಕೊಳ್ಳಿ. ಆಮೇಲೆ ಮಾಡಬೇಕಾದದ್ದು ಆ ನಿಜದ ನಕಲು ಮಾತ್ರ.

ಕಣ್ಣಿನ ಮಾತು ಬಂತು. ಇದು ಜಾದೂಗಾರರ ಬಡಾಯಿ ಅಲ್ಲ, ಪ್ರಯೋಗದಲ್ಲಿ ಕಂಡ ಸತ್ಯ. ಚೆಂಡನ್ನು ಎರಡು ಸಲ ಮೇಲೆ ಎಸೆದು ಹಿಡಿದು, ಮೂರನೆಯ ಸಲ ಎಸೆದಂತೆ ನಟಿಸಿ ಕೈಯಲ್ಲೇ ಉಳಿಸಿಕೊಳ್ಳುವ ಒಂದು ಆಟವಿದೆ. ನಾರ್ಮನ್ ಟ್ರಿಪ್ಲೆಟ್ ಎಂಬ ಮನಶ್ಶಾಸ್ತ್ರಜ್ಞ 1900ರಷ್ಟು ಹಿಂದೆಯೇ ಇಂಥ ಆಟವನ್ನು ಅಧ್ಯಯನಕ್ಕೆ ಎತ್ತಿಕೊಂಡಿದ್ದ. 2006ರಲ್ಲಿ ಗುಸ್ತಾವ್ ಕುನ್ ಮತ್ತು ಮೈಕೆಲ್ ಲ್ಯಾಂಡ್ ಇದನ್ನೇ ಎರಡು ಬಗೆಯಲ್ಲಿ ತೋರಿಸಿದರು. ಮೂರನೆಯ ಸಲ ಜಾದೂಗಾರ ಇಲ್ಲದ ಚೆಂಡನ್ನು ಹಿಂಬಾಲಿಸಿ ಮೇಲೆ ನೋಡಿದಾಗ, ನೋಡುಗರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಜನ ಚೆಂಡು ಮೇಲೆ ಹೋದದ್ದನ್ನು "ಕಂಡರು". ಅವನು ತನ್ನ ಕೈಯನ್ನೇ ನೋಡಿದಾಗ ಹಾಗೆ ಕಂಡವರು ಮೂರರಲ್ಲಿ ಒಂದು ಪಾಲು ಮಾತ್ರ. ಕೈ ಮಾಡಿದ್ದು ಎರಡೂ ಸಲ ಒಂದೇ, ಬದಲಾದದ್ದು ನೋಟ. ಹಾಗಾಗಿ ನಿಮ್ಮ ಖಾಲಿ ಬಲಮುಷ್ಟಿಯನ್ನು ನೀವೇ ನಂಬಿ ನೋಡಬೇಕು. ನೀವು ಕದ್ದು ಎಡಗೈ ನೋಡಿದಿರೋ, ಶಹಾಪುರದ ಹುಡುಗರು "ಆ ಕೈಯಾಗ ಅದರಿ!" ಅಂತ ಕೂಗಿಯೇ ಕೂಗುತ್ತಾರೆ. ಕೂಗಿದರೆ ಏನು ಮಾಡಬೇಕು? ಎಡಗೈ ತೆರೆದು ತೋರಿಸಿ, "ಹೌದಲ್ಲೋ ತಮ್ಮಾ, ಶ್ಯಾಣ್ಯಾ ಇದ್ದಿ" ಎಂದು ನಕ್ಕುಬಿಡಿ. ಹುಡುಗನಿಗೆ ಗೆಲುವು, ನಿಮಗೆ ಪಾಠ, ಯಾರಿಗೂ ನಷ್ಟವಿಲ್ಲ. ವಾದಕ್ಕೆ ನಿಂತವರೇ ಕೆಡುತ್ತಾರೆ.

ರಬ್ಬರ್ ಬ್ಯಾಂಡಿನ ಆಟ ಇದಕ್ಕಿಂತ ಸುಲಭ, ಕಣ್ಣಿನ ನಟನೆಯೂ ಬೇಡ. ತೋರುಬೆರಳು, ನಡುಬೆರಳುಗಳ ಬುಡಕ್ಕೆ ಬ್ಯಾಂಡ್ ಹಾಕಿ. ಅಂಗೈ ನಿಮ್ಮ ಕಡೆ ಇರಲಿ. "ಗಟ್ಟಿ ಅದ ನೋಡ್ರಿ" ಎಂದು ಇನ್ನೊಂದು ಕೈಯಿಂದ ನಿಮ್ಮ ಕಡೆಗೆ ಎಳೆದು, ಬಿಡುವಾಗ ನಾಲ್ಕೂ ಬೆರಳ ತುದಿಗಳನ್ನು ಮಡಿಚಿ ಆ ಕುಣಿಕೆಯೊಳಗೆ ಸೇರಿಸಿ ಮುಷ್ಟಿ ಮಾಡಿ. ಎದುರಿನವರಿಗೆ ಮುಷ್ಟಿಯ ಹಿಂಬದಿ ಮಾತ್ರ ಕಾಣುತ್ತದೆ, ಅಲ್ಲಿ ಬ್ಯಾಂಡ್ ಎರಡೇ ಬೆರಳಿಗೆ ಇದೆ. ಬೆರಳು ಬಿಚ್ಚಿ, ಅದು ಉಂಗುರ ಬೆರಳು, ಕಿರುಬೆರಳಿಗೆ ಹಾರಿರುತ್ತದೆ. ಅಂಗಡಿಯವರ ಗಲ್ಲೆಯಲ್ಲಿ ಬಿದ್ದಿರುವ ಬ್ಯಾಂಡನ್ನೇ ಕೇಳಿ ಪಡೆದು ಮಾಡಿದರೆ ಇನ್ನೂ ಚೆಂದ. ಮಾತೂ ಬೇಕಿಲ್ಲ. ಕನ್ನಡ, ದಖನಿ ಉರ್ದು, ತೆಲುಗು, ಲಂಬಾಣಿ ಎಲ್ಲ ಬೆರೆತ ನಮ್ಮ ಬಾಕುಗಳ ಮೇಲೆ ಮಾತಿಲ್ಲದ ಆಟ ಒಂದಾದರೂ ಕೈಯಲ್ಲಿರಬೇಕು.

ಎರಡು ಆಟ ಸಾಕೇ? ಹೊಸಬರಿಗೆ ಧಾರಾಳ ಸಾಕು. ಇಪ್ಪತ್ತು ಆಟ ಅರೆಬರೆ ಬಲ್ಲವನಿಗಿಂತ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಎರಡನ್ನು ಮಾಡುವವನೇ ತಯಾರಿರುವವನು.

ಇನ್ನು ಜನ. ಶಹಾಪುರಕ್ಕೂ ಸುರಪುರಕ್ಕೂ ರೈಲಿಲ್ಲ. ನಮ್ಮ ಕಡೆ ರೈಲು ಅಂದರೆ ಯಾದಗಿರಿ. ಬೆಂಗಳೂರು, ಮುಂಬೈಗೆ ದುಡಿಯಲು ಹೋಗುವವರು ಗಂಟು ಮೂಟೆ, ಮಕ್ಕಳ ಸಮೇತ ಉದ್ಯಾನ್ ಎಕ್ಸ್‌ಪ್ರೆಸ್ಸಿನಂಥ ಗಾಡಿಗಳಿಗೆ ಅಲ್ಲಿ ಕಾಯುತ್ತಿರುತ್ತಾರೆ. ಬೇಸತ್ತ ಮಕ್ಕಳು, ದಣಿದ ತಾಯಂದಿರು, ಸುಮ್ಮನೆ ಕೂತ ಮುದುಕರು. ಆಟಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ ಅನ್ನಿಸುತ್ತದೆ. ನಿಧಾನ. ಮೊದಲು ಮಾತಾಡಿಸಬೇಕಾದದ್ದು ಮಗುವನ್ನಲ್ಲ, ಮಗುವಿನ ಜೊತೆಗಿರುವ ಹಿರಿಯರನ್ನು. "ಯಪ್ಪಾ, ಯಾವ ಊರು? ಗಾಡಿ ಲೇಟ್ ಅಂತೇನು?" ಎಂದು ಶುರುವಾಗಬೇಕು. ನಾಣ್ಯವನ್ನು ಮೊದಲು ಕೊಡುವುದೂ ಆ ಹಿರಿಯರ ಕೈಗೇ. ಮಗು ತಾನಾಗಿ ಹತ್ತಿರ ಬರುತ್ತದೆ. ಹೆಣ್ಣುಮಕ್ಕಳ ಕೈ ಮುಟ್ಟಿ ಮಾಡುವ ಆಟ ಯಾವುದೂ ಬೇಡ. ವಸ್ತುವನ್ನು ಬಾಕಿನ ಮೇಲಿಟ್ಟು ಅವರೇ ಎತ್ತಿಕೊಳ್ಳಲಿ. ಇದು ಸಂಕೋಚದ ಮಾತಲ್ಲ, ಮರ್ಯಾದೆಯ ಮಾತು.

ಮಕ್ಕಳ ವಿಷಯದಲ್ಲಿ ನಾನು ಇಷ್ಟು ಬಿಗಿಯಾಗಿರುವುದಕ್ಕೆ ಕಾರಣವಿದೆ. 2018ರ ಜುಲೈಯಲ್ಲಿ ನಮ್ಮ ಸೀಮೆಯದೇ ಆದ ಬೀದರ್ ಜಿಲ್ಲೆಯಲ್ಲಿ, ಹೊರಗಿನಿಂದ ಬಂದಿದ್ದ ಗೆಳೆಯರ ಗುಂಪೊಂದು ದಾರಿಯಲ್ಲಿ ಮಕ್ಕಳಿಗೆ ಚಾಕಲೇಟ್ ಕೊಟ್ಟಿತು. ವಾಟ್ಸ್‌ಆ್ಯಪಿನಲ್ಲಿ ಮಕ್ಕಳ ಕಳ್ಳರ ಸುಳ್ಳು ಸುದ್ದಿ ಹರಡಿದ್ದ ಕಾಲ ಅದು. ಮುರ್ಕಿ ಎಂಬಲ್ಲಿ ಜನ ಮುತ್ತಿ ಹೊಡೆದರು. ಒಬ್ಬ ಯುವಕ ಸತ್ತೇಹೋದ. ಮಕ್ಕಳನ್ನು ನಗಿಸಬೇಕೆಂಬ ಮನಸ್ಸು ಒಳ್ಳೆಯದೇ ಇರಬಹುದು, ದೂರದಿಂದ ನೋಡುವವರಿಗೆ ಅದು ಕಾಣುವುದಿಲ್ಲ. ಒಂಟಿ ಮಗುವಿಗೆ ಆಟ ತೋರಿಸಬೇಡಿ. ತಿನ್ನುವ ವಸ್ತುವನ್ನು ಗಾಳಿಯಿಂದ ತೆಗೆದು ಕೊಡಬೇಡಿ. ಆಟ ನೋಡಲು ಮಗುವನ್ನು ಆಚೆ ಕರೆದೊಯ್ಯುವುದಂತೂ ಕನಸಿನಲ್ಲಿಯೂ ಬೇಡ.

ಇದಕ್ಕಿಂತ ಆಳದ ಸಂಗತಿ ಭಾನಾಮತಿ. ಕಲಬುರಗಿ, ಬೀದರ್, ಯಾದಗಿರಿ ಸೀಮೆಯವರಿಗೆ ಇದನ್ನು ವಿವರಿಸಬೇಕಿಲ್ಲ. ಮನೆಯ ಮೇಲೆ ಕಲ್ಲು ಬಿತ್ತು, ಪೆಟ್ಟಿಗೆಯೊಳಗಿನ ಸೀರೆಗೆ ಬೆಂಕಿ ಹತ್ತಿತು, ಮೈಮೇಲೆ ಗುರುತು ಮೂಡಿತು ಎಂದರೆ ಯಾರೋ ಮಾಡಿಸಿದ್ದಾರೆ ಎನ್ನುವ ನಂಬಿಕೆ. ಅದರ ಹೆಸರಿನಲ್ಲಿ ಸಂಶಯಕ್ಕೆ ಒಳಗಾಗಿ ಪೆಟ್ಟು ತಿಂದವರು ಬಡವರು, ಒಂಟಿ ಹೆಂಗಸರು. ಈಗ ಯೋಚಿಸಿ: ಬೇರೆ ಊರಿನ ಜಾದೂಗಾರನಿಗೆ ಚೀಲದಿಂದ ನಿಂಬೆಹಣ್ಣು ತೆಗೆಯುವುದು ಒಂದು ಸಾದಾ ಆಟ. ಬಟ್ಟಲಿನಾಟದ ಕೊನೆಗೆ ನಿಂಬೆಹಣ್ಣು ಬರುವುದು ಪುಸ್ತಕದಲ್ಲೂ ಇದೆ. ಆದರೆ ಇಲ್ಲಿ, ಅಪರಿಚಿತ ಹೆಂಗಸೊಬ್ಬಳ ಚೀಲದಿಂದ ನೀವು ನಿಂಬೆಹಣ್ಣು ತೆಗೆದರೆ ಆಕೆ ಚಪ್ಪಾಳೆ ತಟ್ಟುವುದಿಲ್ಲ. ಆ ರಾತ್ರಿ ನಿದ್ದೆ ಮಾಡುವುದಿಲ್ಲ. ಮರುದಿನ ಯಾರನ್ನೋ ಹುಡುಕಿಕೊಂಡು ಹೋಗಿ ರೊಕ್ಕ ಸುರಿಯುತ್ತಾಳೆ. ಆದ್ದರಿಂದ ನಿಂಬೆಹಣ್ಣು, ಕುಂಕುಮ, ಬೂದಿ, ಸೂಜಿ, ಕೂದಲು, ಗೊಂಬೆ ಇವು ನಿಮ್ಮ ಆಟದಲ್ಲಿ ಎಂದೂ ಬರಬಾರದು. ಬೆಂಕಿಯೂ ಬೇಡ, ಬಟ್ಟೆ ಸುಡುವುದಂತೂ ಬೇಡವೇ ಬೇಡ. ಮನಸ್ಸಿನಲ್ಲಿರುವುದನ್ನು ಓದುತ್ತೇನೆ, ಮುಂದಾಗುವುದನ್ನು ಹೇಳುತ್ತೇನೆ ಎಂಬ ಸೋಗೂ ಬೇಡ. ನೀವು ತಮಾಷೆಗೆ ಹೇಳಿದ್ದನ್ನು ನಂಬಿ ಯಾರೋ ಹೊಲ ಮಾರಬಹುದು.

ಜಾತ್ರೆಗಳಲ್ಲಿ ಇದು ಇನ್ನಷ್ಟು ಸೂಕ್ಷ್ಮ. ಸಂಕ್ರಾಂತಿಗೆ ಮೈಲಾಪುರದ ಮೈಲಾರಲಿಂಗನ ಸರಪಳಿ ಪವಾಡಕ್ಕೆ ಸೇರುವ ಜನ, ತಿಂಥಣಿ ಮೌನೇಶ್ವರನಿಗೆ ನಡೆದುಕೊಳ್ಳುವ ಹಿಂದೂ ಮುಸ್ಲಿಂ ಇಬ್ಬರೂ, ಅಲ್ಲಿಗೆ ಬರುವುದು ಭಕ್ತಿಯಿಂದ. ಆ ಭಕ್ತಿಯ ಬೆನ್ನೇರಿ ಚಪ್ಪಾಳೆ ಗಿಟ್ಟಿಸುವುದು ಕಳ್ಳತನ. ಗುಡಿಯ ಹತ್ತಿರ ಆಟ ಬೇಡ, ಆಟದಲ್ಲಿ ದೇವರ ಹೆಸರು ಬೇಡ. ಆಚೆ ಬೆಂಡು ಬತ್ತಾಸಿನ ಅಂಗಡಿಗಳ ಸಾಲಿನಲ್ಲಿ ಬೇಕಾದರೆ ರಬ್ಬರ್ ಬ್ಯಾಂಡ್ ತೆಗೆಯಿರಿ.

ಎಷ್ಟೇ ಜಾಗ್ರತೆ ವಹಿಸಿದರೂ ಒಂದು ದಿನ ಆ ಪ್ರಶ್ನೆ ಬಂದೇ ಬರುತ್ತದೆ. ನಾಣ್ಯ ಮಾಯವಾಯಿತು, ಎಲ್ಲ ನಕ್ಕರು, ಚದುರಿದರು. ಒಬ್ಬ ಹಿರಿಯರು ಮಾತ್ರ ಉಳಿದುಕೊಂಡು, ದನಿ ತಗ್ಗಿಸಿ ಕೇಳುತ್ತಾರೆ: "ಸರ, ನಮ್ಮ ಹುಡುಗಿಗಿ ಆರಾಮಿಲ್ರಿ. ಯಾರೋ ಮಾಡಿಸ್ಯಾರ ಅಂತಾರ. ನೀವೊಂದು ದಾರ ಕಟ್ಟಿ ಕೊಡ್ತೀರೇನ್ರಿ?" ಆಗ ಏನು ಮಾಡುತ್ತೀರಿ ಎನ್ನುವುದೇ ನನ್ನ ಪಾಠದ ನಿಜವಾದ 'ತಯಾರಿ'. "ನಾನು ಮಂತ್ರಗಾರ ಅಲ್ಲ" ಎಂದರೆ ಸಾಲದು. ನಿಜವಾದ ಮಂತ್ರಗಾರ ಹಾಗೇ ಹೇಳುತ್ತಾನೆ ಎಂದು ಅವರಿಗೆ ಗೊತ್ತು! ಅವರನ್ನು ಪಕ್ಕಕ್ಕೆ ಕೂರಿಸಿ, ಹತ್ತು ರೂಪಾಯಿ ನಾಣ್ಯ ತೆಗೆದು, ಗುಟ್ಟನ್ನು ಬಿಚ್ಚಿ ತೋರಿಸಿ. ನಾಣ್ಯ ಎಲ್ಲಿ ಜಾರಿತು, ಯಾವ ಬೆರಳು ಮುಚ್ಚಿತು, ಎಲ್ಲ. ಅವರ ಕೈಯಲ್ಲೇ ಒಮ್ಮೆ ಮಾಡಿಸಿ. "ಯಜಮಾನ್ರ, ಇದು ಬೆರಳಿನ ಕೆಲಸ. ಹುಡುಗಿನ್ನ ಜಿಲ್ಲಾ ಆಸ್ಪತ್ರಿಗಿ ಕರಕೊಂಡು ಹೋಗ್ರಿ" ಎನ್ನಿ. ಗುಟ್ಟು ಬಿಡಬಾರದು ಎನ್ನುವುದು ಜಾದೂಗಾರರ ದೊಡ್ಡ ನಿಯಮ, ನಾನೂ ಒಪ್ಪುತ್ತೇನೆ. ಆದರೆ ಹೆದರಿದವರ ಮುಂದೆ ಆ ನಿಯಮಕ್ಕೆ ಬೆಲೆ ಇಲ್ಲ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳ ಪರಿಶೀಲನೆಗೆ ಸಮಿತಿ ರಚಿಸಿದ್ದರು. ಹುಲಿಕಲ್ ನಟರಾಜ್ ಅವರಂಥವರು ಊರೂರಿಗೆ ಹೋಗಿ ಪವಾಡಗಳನ್ನು ತಾವೇ ಮಾಡಿ ತೋರಿಸಿ ಅದರ ಒಳಗುಟ್ಟು ಬಿಚ್ಚಿಡುತ್ತಾರೆ. ವಾಮಾಚಾರದ ವಿರುದ್ಧ ರಾಜ್ಯದ 2017ರ ಕಾಯ್ದೆಯೂ ಇದೆ. ಅವರದು ದೊಡ್ಡ ಕೆಲಸ. ನಿಮ್ಮ ಪಾಲಿನದು ಒಬ್ಬ ಹಿರಿಯರ ಮುಂದೆ ಅಂಗೈ ಬಿಚ್ಚುವಷ್ಟೇ.

ತಯಾರಿರುವುದು ಎಂದರೆ ಸಿಕ್ಕಿದಲ್ಲೆಲ್ಲ ಶುರುಮಾಡುವುದು ಅಂತ ಕೆಲವರು ತಿಳಿಯುತ್ತಾರೆ. ಅಂಥವರನ್ನು ಕಂಡರೆ ಗೆಳೆಯರೂ ಬಸ್ಸು ಬದಲಿಸುತ್ತಾರೆ. ಇದ್ದಲ್ಲೇ ಜಾದೂ ತೋರಿಸುವ ವಿದ್ಯೆಯ ದೊಡ್ಡಣ್ಣ ಅನ್ನಬಹುದಾದವನು ಮ್ಯಾಕ್ಸ್ ಮಲೀನಿ (1873–1942). ಯೂರೋಪಿನಲ್ಲಿ ಹುಟ್ಟಿ ನ್ಯೂಯಾರ್ಕಿನಲ್ಲಿ ಬೆಳೆದವನು. ಅವನ ಕೈ ತೀರಾ ಚಿಕ್ಕದು, ಹಾಗಾಗಿ "ನನ್ನ ಕೈ ಸಣ್ಣದು, ಸರ್" ಎನ್ನುವ ನೆವ ನನ್ನ ಹತ್ತಿರ ನಡೆಯುವುದಿಲ್ಲ. ಅಮೆರಿಕದ ಸೆನೆಟರ್ ಮಾರ್ಕ್ ಹ್ಯಾನಾ ಅವರ ಕೋಟಿನ ಗುಂಡಿಯನ್ನು ಬಾಯಿಂದ ಕಚ್ಚಿ ಕಿತ್ತು, ಮತ್ತೆ ಇದ್ದಲ್ಲೇ ಕೂಡಿಸಿದ್ದ ಎಂದು ಜಾದೂಗಾರರು ಇವತ್ತಿಗೂ ಹೇಳಿಕೊಳ್ಳುತ್ತಾರೆ. ಊಟದ ಮೇಜಿನ ಮೇಲೆ ಟೋಪಿ ಎತ್ತಿದರೆ ಕೆಳಗೆ ದೊಡ್ಡ ಮಂಜುಗಡ್ಡೆಯ ತುಂಡು! ಎಲ್ಲವೂ ಆ ಕ್ಷಣಕ್ಕೆ ಹೊಳೆದಂತೆ ಕಾಣುತ್ತಿತ್ತು. ಆದರೆ ಅವನ ಹೆಸರು ಉಳಿದಿರುವುದು ಬೆರಳಿಗಿಂತ ಹೆಚ್ಚಾಗಿ ತಾಳ್ಮೆಗೆ. ಸರಿಯಾದ ಗಳಿಗೆ ಬರುವವರೆಗೆ ಗಂಟೆಗಟ್ಟಲೆ ಸುಮ್ಮನೆ ಕೂರುತ್ತಿದ್ದ. ಬಾರದಿದ್ದರೆ ಆಟವನ್ನೇ ಬಿಡುತ್ತಿದ್ದ. ಆಸ್ಪತ್ರೆಯ ಮುಂದಿನ ಬಾಕು, ಮಣ್ಣಿಗೆ ಹೊರಟ ಜನ, ಪರೀಕ್ಷೆಗೆ ಓದುತ್ತಿರುವ ಹುಡುಗಿ, ಹಸಿದು ಊಟದ ಬುತ್ತಿ ಬಿಚ್ಚಿದವರು ಎದುರಿಗಿದ್ದರೆ ನಿಮ್ಮ ನಾಣ್ಯ ಹತ್ತು ರೂಪಾಯಿ ಮಾತ್ರ. ಅದರಿಂದ ಚಹಾ ಕುಡಿಯಿರಿ, ಅಂಗಡಿಯವರು ತೆಗೆದುಕೊಂಡರೆ.

ಆಟ ಚೆನ್ನಾಗಿ ಆದಾಗ ಬರುವ ಮಾತು "ಇನ್ನೊಮ್ಮಿ ಮಾಡ್ರಿ". ಇದು ಹೊಗಳಿಕೆಯಲ್ಲ, ಈ ಸಲ ಹಿಡಿಯುತ್ತೇನೆ ಎಂಬ ಸವಾಲು. ಅದೇ ಆಟ ಮತ್ತೆ ಬೇಡ. ಎರಡನೆಯದು ಇದೆಯಲ್ಲ, ಅದನ್ನು ಮಾಡಿ. ಅದೂ ಆದ ಮೇಲೆ ನಿಲ್ಲಿಸಿ. ಮೂರನೆಯದು ಬಂದರೂ ನಿಲ್ಲಿಸಿ. ಅವರ ನಾಣ್ಯ ಪಡೆದಿದ್ದರೆ ಎಲ್ಲಕ್ಕಿಂತ ಮೊದಲು ಅದನ್ನು ಅವರ ಕೈಗಿಡಿ. ನಕ್ಕು ಮರೆತು ಕಿಸೆಗೆ ಹಾಕಿಕೊಂಡಿರೋ, ಅಷ್ಟೂ ಜಾದೂ ಒಂದು ಕಿಸೆಗಳ್ಳತನವಾಗಿ ಊರಲ್ಲಿ ಉಳಿಯುತ್ತದೆ.

ಈಗೀಗ ಇನ್ನೊಂದು ಸೇರಿದೆ. "ತಡೀರಿ ಸರ, ರೀಲ್ ಮಾಡ್ತೀನಿ" ಎಂದು ಯಾರೋ ಮೊಬೈಲ್ ಎತ್ತುತ್ತಾರೆ. ಮನುಷ್ಯರ ಗಮನ ನಿಮ್ಮ ನೋಟದ ಹಿಂದೆ ಹೋಗುತ್ತದೆ, ಮೊಬೈಲಿನ ಕಣ್ಣು ಹೋಗುವುದಿಲ್ಲ. ಅದು ನಿಮ್ಮ ಎಡಗೈಯನ್ನೂ ಬಲಗೈಯಷ್ಟೇ ಆಸಕ್ತಿಯಿಂದ ನೋಡುತ್ತದೆ, ಆಮೇಲೆ ನಿಧಾನಗತಿಯಲ್ಲಿ ಇನ್ನೊಮ್ಮೆ ನೋಡಿಸುತ್ತದೆ. ಆದ್ದರಿಂದ ಮೊಬೈಲ್ ಮುಂದೆ ನಾಣ್ಯ ಬೇಡ, ರಬ್ಬರ್ ಬ್ಯಾಂಡ್ ಇರಲಿ. ಅದಕ್ಕಿಂತ ಮುಖ್ಯವಾದದ್ದು ಆ ವಿಡಿಯೊ ಎಲ್ಲಿಗೆ, ಯಾವ ಬರಹ ಹೊತ್ತು ಹೋಗುತ್ತದೆ ಎನ್ನುವುದು. "ಯಾದಗಿರಿಯಲ್ಲಿ ಪವಾಡ" ಎಂದು ಹೋಗಲಿಕ್ಕೆ ಹೊತ್ತು ಬೇಕಿಲ್ಲ. ಬ್ಯಾಂಡ್ ಹಾರಿದ ಕೂಡಲೇ, ಅವರು ರೆಕಾರ್ಡಿಂಗ್ ನಿಲ್ಲಿಸುವ ಮೊದಲೇ, ಮೊಬೈಲನ್ನೇ ನೋಡಿ ನಿಮ್ಮ ಹೆಸರು, ಊರು ಹೇಳಿ, "ಇದು ಕೈಚಳಕರಿ, ಮಂತ್ರ ಗಿಂತ್ರ ಏನಿಲ್ಲ" ಎಂದು ಸೇರಿಸಿ. ಆ ಮಾತನ್ನೂ ಆಟದ ಜೊತೆಗೇ ಅಭ್ಯಾಸ ಮಾಡಿಕೊಳ್ಳಿ, ನಾಲಿಗೆಯ ತುದಿಯಲ್ಲಿರಲಿ.